ಒಂದೇ ಸಲ ತೂಗಿದವನು

೮ ಸೆಪ್ಟೆಂಬರ್ ೨೦೨೧

ನರ್ಸಮ್ಮನವರಿಗೆ,

ನಿಮ್ಮ ನಂಬರನ್ನು ಬ್ಲಾಕ್ ಮಾಡಿ ಹತ್ತು ದಿನವಾಯಿತು. ಈಗ ನೀವು ನನ್ನ ಹೆಂಡತಿಗೆ ಫೋನ್ ಮಾಡುತ್ತೀರಿ, ಪಕ್ಕದ ಝೆರಾಕ್ಸ್ ಅಂಗಡಿಯವನಿಗೂ ಮಾಡುತ್ತೀರಿ. ಅವನು ಹಾಳೆ ಎಣಿಸುವುದನ್ನು ಬಿಟ್ಟು ಬಂದು, ಬಿಚ್ಚಿಟ್ಟ ತಕ್ಕಡಿಗಳನ್ನೆಲ್ಲ ದಾಟಿ, "ನಿಮ್ಮಕ್ಕ ಲೈನಲ್ಲಿದ್ದಾರೆ" ಅಂತ ಫೋನನ್ನು ನನ್ನ ಕಿವಿಗೇ ಹಿಡಿಯುತ್ತಾನೆ. ಇನ್ನು ಅದು ಬೇಡ. ಹೇಳಬೇಕಾದ್ದನ್ನು ಒಂದೇ ಸಲ ಬರೆದು ಮುಗಿಸುತ್ತೇನೆ.

ಜುಲೈ ಮೂರಕ್ಕೆ ನಾನು ಬೇಡ ಅಂದರೂ ಬಿಡದೆ ನಿಮ್ಮ ಲಸಿಕೆ ಕೇಂದ್ರಕ್ಕೆ ಕರೆಸಿಕೊಂಡಿರಿ. ಶಾಲೆಯ ಮೂರನೇ ತರಗತಿ ಕೋಣೆ, ಗೋಡೆ ಮೇಲೆ ಮಗ್ಗಿ, ಮಕ್ಕಳು ಕೂರುವ ಕುಳ್ಳ ಬೆಂಚು. ನನ್ನ ಮೊಣಕಾಲು ಗಲ್ಲಕ್ಕೆ ತಾಗುತ್ತಿತ್ತು. ಸಾಲಿನಲ್ಲಿದ್ದವರಿಗೆಲ್ಲ ಕೇಳುವ ಹಾಗೆ, "ಇವ್ನು ನನ್ ತಮ್ಮ, ಸೂಜಿ ಕಂಡ್ರೆ ಮಂಚದ ಕೆಳಗೆ ಓಡೋನು" ಎಂದಿರಿ. ಎಲ್ಲರೂ ನಕ್ಕರು, ನಾನೂ ನಕ್ಕೆ. ಆ ನಗುವಿನ ನಡುವೆಯೇ ಚುಚ್ಚಿದಿರಿ.

ಆಗಸ್ಟ್ ಹತ್ತಕ್ಕೆ ನನ್ನ ಪರೀಕ್ಷೆ ಆಯಿತು. ಯಾವ ಪರೀಕ್ಷೆ ಅಂತ ನಿಮಗೆ ಬಿಡಿಸಿ ಹೇಳಬೇಕಾಗಿಲ್ಲ, ಓದಿದವರು. ವೀರ್ಯಾಣುಗಳ ಎಣಿಕೆ ನಲವತ್ತು ಲಕ್ಷ. ಕಡಿಮೆ ಅಂದರೂ ಒಂದೂವರೆ ಕೋಟಿ ಇರಬೇಕಂತೆ. ಅದರ ಕೆಳಗಿನ ಸಾಲು ಇನ್ನೂ ಚೆನ್ನಾಗಿದೆ. ಚಲನೆ: ಸೊನ್ನೆ. ನೂರಕ್ಕೆ ಒಂದೂ ಅಲ್ಲಾಡುತ್ತಿಲ್ಲ. ಅಷ್ಟು ಅಚ್ಚುಕಟ್ಟಾಗಿ ಕೆಲಸ ಮುಗಿಸಿದ್ದೀರಿ.

ನಮ್ಮ ತಕ್ಕಡಿ ರಿಪೇರಿಯವರ ವಾಟ್ಸಾಪ್ ಗುಂಪಿನಲ್ಲಿ ನಾನು ಮಾತಾಡಿ ಹಾಕಿದ್ದನ್ನು ಅಳಿಸಬೇಕು ಅಂತ ಹೇಳಿ ಕಳಿಸಿದ್ದೀರಿ. ಅಳಿಸುವುದಿಲ್ಲ. ಅದರಲ್ಲಿ ಸುಳ್ಳೇನಿದೆ? "ನಂಗೊತ್ತಿರೋ ಒಬ್ಬ ಗಂಡಸು ಆ ಕೇಂದ್ರದಲ್ಲಿ ಚುಚ್ಚಿಸ್ಕೊಂಡು ಗಂಡಸ್ತನ ಕಳ್ಕೊಂಡ" ಎಂದಿದ್ದೇನೆ. ನಿಮ್ಮ ಹೆಸರು ಎತ್ತಿಲ್ಲ. ಅಷ್ಟು ದೊಡ್ಡತನವಾದರೂ ನನ್ನಲ್ಲಿ ಉಳಿದಿದೆ.

ನೀವು ಕೊಟ್ಟಿದ್ದ, ಲಸಿಕೆ ಒಯ್ಯುವ ಹಳೆಯ ನೀಲಿ ಡಬ್ಬಿ ಇಲ್ಲೇ ಇದೆ. ಯಾರನ್ನಾದರೂ ಕಳಿಸಿ, ಕೊಟ್ಟುಬಿಡುತ್ತೇನೆ. ನೀವು ಬರಬೇಡಿ.

ಒಂದು ಕಾಲಕ್ಕೆ ನಿಮ್ಮ ತಮ್ಮನಾಗಿದ್ದವನು


೧೫ ಸೆಪ್ಟೆಂಬರ್ ೨೦೨೧

ಮೊಂಡನಿಗೆ,

"ನೀವು" ಅಂತೆ, "ನರ್ಸಮ್ಮನವರಿಗೆ" ಅಂತೆ! ಏಳು ವರ್ಷ ನಿನ್ನ ಮೂಗು ಒರೆಸಿದ ಕೈ ಕಣೋ ಇದು. ಬೈಯುವುದಾದರೆ ನೆಟ್ಟಗೆ ಏಕವಚನದಲ್ಲಿ ಬೈಯಿ, ನನಗೂ ತಿರುಗಿಸಿ ಬೈಯಲು ಹುಮ್ಮಸ್ಸು ಬರುತ್ತದೆ.

ನಿನ್ನ ದೊಡ್ಡತನ ಏನು ಮಾಡಿದೆ ಕೇಳು. ನಿನ್ನೆ ಅರವತ್ತು ಜನರಿಗೆ ಅಂತ ಲಸಿಕೆ ತಂದೆ. ಬಂದವರು ಒಂಬತ್ತು ಜನ, ಒಂಬತ್ತೂ ಹೆಂಗಸರು. ತರಕಾರಿ ಮಾರುಕಟ್ಟೆಯ ಗಂಡಸರು ಗೇಟಿನ ಆಚೆ ನಿಂತು ಒಳಗೆ ಇಣುಕಿ, ಒಬ್ಬರ ಬೆನ್ನು ಒಬ್ಬರು ತಟ್ಟಿಕೊಂಡು ನಗುತ್ತ ಹೋದರು. ಒಬ್ಬ ನನ್ನ ಮುಖಕ್ಕೇ ಹೇಳಿದ: "ನಿಮ್ ತಮ್ಮನ್ ಗತಿ ನಮಗೂ ಬರ್ಬೇಕಾ?" ನೀನು ಹೆಸರು ಹೇಳಲಿಲ್ಲ, ಸರಿ. ಆ ಗುಂಪಿನಲ್ಲಿ, ಅಲ್ಲಿಂದ ಅದು ಹರಡಿದ ಮಾರುಕಟ್ಟೆಯಲ್ಲಿ, ನಿನ್ನ ದನಿ ಗೊತ್ತಿಲ್ಲದವರು ಯಾರಿದ್ದಾರೆ? ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನುವ ಜನರ ಮುಂದೆ ನೀನು ಎತ್ತನ್ನು ಹಿಡಿದು ತಂದು ನಿಲ್ಲಿಸಿದ್ದೀಯ.

ನಮ್ಮ ಡಾಕ್ಟರಮ್ಮನನ್ನು ಕೇಳಿದೆ, ಯಾರ ವಿಷಯ ಅಂತ ಹೇಳದೆ. ಚುಚ್ಚುವ ಮೊದಲು ಒಂದು ಸಲ, ಎರಡೂ ಡೋಸ್ ಆದ ಮೇಲೆ ಒಂದು ಸಲ ಗಂಡಸರನ್ನು ಪರೀಕ್ಷೆ ಮಾಡಿ ನೋಡಿದ್ದಾರಂತೆ. ಎಣಿಕೆ ಇಳಿದಿಲ್ಲ. ಇಳಿಯುವುದು ಕಾಯಿಲೆ ಬಂದವರಲ್ಲಿ, ಅದರಲ್ಲೂ ಜ್ವರ ಏರಿದವರಲ್ಲಿ. ಕೆಲವು ತಿಂಗಳು ಹಾಗಿದ್ದು ಹೆಚ್ಚಿನವರಿಗೆ ಸರಿಹೋಗುತ್ತದೆ, ಈಗ ಗೊತ್ತಿರುವುದು ಇಷ್ಟು ಎಂದರು. ನಿನಗೆ ಕಾಯಿಲೆಯೇ ಬಂದಿಲ್ಲ. ಬೆಂಚಿನ ಮೇಲೆ ಕೂರಿಸಿ ನಾನೇ ಕೇಳಿದ್ದೆನಲ್ಲ, "ಮೂರು ತಿಂಗಳಲ್ಲಿ ಜ್ವರ ಏನಾದ್ರೂ ಬಂದಿತ್ತಾ?" ಅಂತ. "ಇಲ್ಲ" ಎಂದೆ ನೀನು. ನಾನು ಟಿಕ್ ಹಾಕಿದೆ.

ತಕ್ಕಡಿ ರಿಪೇರಿ ಮಾಡುವವನು ನೀನು. ಅಂಗಡಿಯವನ ಕೈಗೆ ಕೊಡುವ ಮೊದಲು ಒಂದೇ ತೂಕವನ್ನು ಮೂರು ಸಲ ಇಟ್ಟು ನೋಡುತ್ತೀಯ, ಎರಡು ಗ್ರಾಂ ಆಚೀಚೆ ಆದರೂ ಮತ್ತೆ ಬಿಚ್ಚುತ್ತೀಯ. ನಿನ್ನ ಪಾಲಿಗೆ ಮಾತ್ರ ಒಂದು ಸಲ ಸಾಕಾಯಿತೇ?

ಇನ್ನೊಂದು ಮಾತು, ನಿನಗೆ ಉರಿಯಲಿ ಅಂತಲೇ ಬರೆಯುತ್ತಿದ್ದೇನೆ. ಮದುವೆಯಾಗಿ ಮೂರು ವರ್ಷ. ಮೂರು ವರ್ಷ ಮಕ್ಕಳಾಗದೇ ಇದ್ದದ್ದಕ್ಕೆ ಎರಡು ತಿಂಗಳ ಹಿಂದಿನ ಸೂಜಿ ಹೇಗೋ ಕಾರಣ? ಕುಣಿಯಲಾರದವಳು ನೆಲ ಡೊಂಕು ಅಂದಳಂತೆ.

ಡಬ್ಬಿ ನೀನೇ ಇಟ್ಟುಕೋ.

ನಿನಗೆ ಬೇಡವಾದರೂ ನಿನ್ನ ಅಕ್ಕ


೨೨ ಸೆಪ್ಟೆಂಬರ್ ೨೦೨೧

ನರ್ಸಮ್ಮನವರಿಗೆ,

ಮೂರು ವರ್ಷ ಎಂದು ಬರೆದ ಆ ಸಾಲನ್ನು ನನ್ನ ಹೆಂಡತಿಯೂ ಓದಿದಳು. ಓದಿ, ಕಾಗದವನ್ನು ಮೊದಲಿದ್ದ ಹಾಗೆಯೇ ಮಡಚಿ, ಹೊಲಿಗೆ ಯಂತ್ರದ ಮೇಲಿಟ್ಟು ಒಳಗೆ ಹೋದಳು.

ನಿಮಗೆ ಏನೂ ಗೊತ್ತಿಲ್ಲ. ಗೊತ್ತಿಲ್ಲದಿರುವುದು ತಪ್ಪಲ್ಲ. ಗೊತ್ತಿಲ್ಲದೆ ಚುಚ್ಚುವುದು ನಿಮಗೆ ಅಭ್ಯಾಸವಾಗಿದೆ.

ಈ ಜನ್ಮದಲ್ಲಿ ಆ ಸಾಲನ್ನು ಮರೆಯುವುದಿಲ್ಲ. ಇನ್ನು ಬರೆಯಬೇಡಿ. ಬರೆದರೆ ಒಡೆಯದೆ ಒಲೆಗೆ ಹಾಕುತ್ತೇನೆ.

ತಕ್ಕಡಿ ರಿಪೇರಿಯವನು


೨೦ ಅಕ್ಟೋಬರ್ ೨೦೨೧

ಒಲೆಗೆ,

ತಮ್ಮ ಓದುವುದಿಲ್ಲವಂತೆ, ನೀನಾದರೂ ಓದಿಕೋ.

ಇವತ್ತು ಇವನ ಯಜಮಾನರು ನಮ್ಮ ಕೇಂದ್ರದ ಗೇಟಿನವರೆಗೆ ಬಂದಿದ್ದರು. ಇವನಿಗೆ ಹದಿನೆಂಟು ವರ್ಷವಿದ್ದಾಗ ಕೈ ಹಿಡಿದು ತಕ್ಕಡಿ ಬಿಚ್ಚುವುದನ್ನು ಕಲಿಸಿದ ಮನುಷ್ಯ. ಈಗ ಅರವತ್ತಾರು ವಯಸ್ಸು, ಸಕ್ಕರೆ ಕಾಯಿಲೆ ಬೇರೆ. ಕೊಡೆ ಮಡಚಿ ಕಂಕುಳಲ್ಲಿ ಇಟ್ಟುಕೊಂಡು ಗೇಟಿನ ಸರಳು ಹಿಡಿದು ನಿಂತಿದ್ದರು. ನಾನೇ ಹೊರಗೆ ಹೋಗಿ "ಬನ್ನಿ ಒಳಗೆ" ಎಂದೆ.

"ಇಲ್ಲಮ್ಮ, ನಿಮ್ ತಮ್ಮನೇ ಹೇಳಿದ್ದಾನಲ್ಲ" ಎಂದರು.

"ನಿಮಗೆ ಈ ವಯಸ್ಸಲ್ಲಿ ಇನ್ನೂ ಮಕ್ಕಳಾಗ್ಬೇಕಾ ಯಜಮಾನ್ರೇ?"

ನಕ್ಕರು. ನಕ್ಕು, "ಬೇಡಮ್ಮ, ಆದ್ರೂ ಏನೋ ಒಂಥರಾ ಭಯ" ಎಂದು ಕೊಡೆ ಬಿಚ್ಚಿಕೊಂಡು ಹೊರಟೇ ಹೋದರು. ಬಿಸಿಲೂ ಇರಲಿಲ್ಲ, ಮಳೆಯೂ ಇರಲಿಲ್ಲ. ಮುಖ ಮುಚ್ಚಿಕೊಳ್ಳಲು ಬಿಚ್ಚಿದ್ದು.

ಒಲೆಯೇ, ಆ ಮನುಷ್ಯನಿಗೆ ಏನಾದರೂ ಆದರೆ ನನ್ನ ತಮ್ಮನ ಮುಖ ನಾನು ನೋಡುವುದಿಲ್ಲ. ಅವನು ನನ್ನ ಮುಖ ನೋಡದಿರುವುದು ಬೇರೆ ಮಾತು. ಇದು ನನ್ನ ಲೆಕ್ಕ.

ಅಕ್ಕ


೫ ನವೆಂಬರ್ ೨೦೨೧

ಅತ್ತಿಗೆಯವರಿಗೆ,

ನಿಮ್ಮ ಕಾಗದ ಒಲೆಗೆ ಹೋಗಲಿಲ್ಲ. ಇವರು ಒಡೆಯದೆ ಒಲೆಯ ಪಕ್ಕ ಇಟ್ಟಿದ್ದರು, ನಾನು ಒಡೆದೆ. ಮಧ್ಯಾಹ್ನದ ಊಟದ ಬಿಡುವಿನಲ್ಲಿ ಕಾರ್ಖಾನೆಯಲ್ಲಿ ಕೂತು ಬರೆಯುತ್ತಿದ್ದೇನೆ. ನಾನು ಅಂಗಿಗೆ ಕಾಜಾ ಹಾಕುವ ಯಂತ್ರದವಳು, ಕೈಬರಹ ಚೆನ್ನಾಗಿಲ್ಲ. ಈ ಹಾಳೆಯ ಹಿಂದೆ ಅಂಗಿ ಅಳತೆಯ ಪಟ್ಟಿ ಇದೆ, ಅದನ್ನು ಓದಬೇಡಿ.

ನಿಮ್ಮ ಮೇಲೆ ನನಗೂ ಸಿಟ್ಟಿದೆ, ಅದನ್ನು ಮೊದಲು ಹೇಳಿಬಿಡುತ್ತೇನೆ. ಮೂರು ವರ್ಷ ಎಂದು ಬರೆದಿರಿ. ಕಳೆದ ಚಳಿಗಾಲದಲ್ಲಿ ನನಗೆ ನಿಂತಿತ್ತು. ಫೆಬ್ರವರಿ ಹತ್ತಕ್ಕೆ ಸರಿಯಾಗಿ ಹತ್ತು ವಾರ. ಅವತ್ತೇ ಹೋಯಿತು, ಕಾರ್ಖಾನೆಯ ಬಚ್ಚಲಲ್ಲಿ. ನಾವು ಯಾರಿಗೂ ಹೇಳಲಿಲ್ಲ. ಮೂರು ತಿಂಗಳು ತುಂಬಿದ ಮೇಲೆ ಮೊದಲು ನಿಮಗೇ ಹೇಳಬೇಕು ಅಂತ ಇವರು ಕುಣಿಯುತ್ತಿದ್ದರು. ಹೇಳಲು ಏನೂ ಉಳಿಯಲಿಲ್ಲ.

ಅದಕ್ಕೇ ಇವರಿಗೆ ಅಷ್ಟು ಖಾತ್ರಿ. ಮೊದಲು ಎಲ್ಲ ಸರಿ ಇತ್ತು, ಸೂಜಿ ಆದ ಮೇಲೆ ಸೊನ್ನೆ ಆಯಿತು ಅನ್ನುತ್ತಾರೆ. ನಡುವೆ ಇನ್ನೊಂದು ಆಯಿತು, ಅದನ್ನು ಇವರು ತಮಗೆ ತಾವೇ ಹೇಳಿಕೊಳ್ಳುವುದಿಲ್ಲ. ಮೇ ಇಪ್ಪತ್ತರಿಂದ ಇವರಿಗೆ ಜ್ವರ ಬಂತು. ಒಂಬತ್ತು ದಿನ. ಮುಟ್ಟಿದರೆ ಕೈ ಸುಡುತ್ತಿತ್ತು. ಯಂತ್ರದ ಎಣ್ಣೆ ಮೂಗಿಗೆ ಹಿಡಿದರೂ ವಾಸನೆ ಗೊತ್ತಾಗಲಿಲ್ಲ. ನಿಮಗೆ ತಿಳಿದರೆ ಪರೀಕ್ಷೆ ಮಾಡಿಸುತ್ತೀರಿ, ಅಂಗಡಿ ಮುಚ್ಚಿಸುತ್ತೀರಿ ಅಂತ ಹೆದರಿ ಸೊಂಟ ಹಿಡಿದಿದೆ ಎಂದು ಸುಳ್ಳು ಹೇಳಿದರು. ಬೆಂಚಿನ ಮೇಲೆ ನೀವು ಕೇಳಿದಾಗಲೂ ಅದೇ ಸುಳ್ಳು. ನಾನು ಪಕ್ಕದಲ್ಲೇ ನಿಂತಿದ್ದೆ, ಬಾಯಿ ಬಿಡಲಿಲ್ಲ. ಅದು ನನ್ನ ತಪ್ಪು.

ಪರೀಕ್ಷೆಯ ಮಾತೂ ಅಷ್ಟೇ, ಎಲ್ಲ ನಾಚಿಕೆಯಲ್ಲೇ ನಡೆಯಿತು. ಲ್ಯಾಬಿನಲ್ಲೇ ಒಂದು ಕೋಣೆ ಇದೆ, ಅಲ್ಲೇ ಕೊಡಿ ಎಂದರು. ಇವರು ಸತ್ತರೂ ಒಪ್ಪಲಿಲ್ಲ. ಹಾಗಾದರೆ ಮನೆಯಿಂದ ಒಂದು ಗಂಟೆಯೊಳಗೆ ತನ್ನಿ ಎಂದರು. ಅದಕ್ಕೇ ನಾನು ನಿಮಗೆ ಫೋನ್ ಮಾಡಿ, "ಲ್ಯಾಬಿಗೆ ಒಂದು ಸ್ಯಾಂಪಲ್ ಒಯ್ಯಬೇಕು ಅತ್ತಿಗೆ, ದಾರೀಲಿ ಕೆಡದ ಹಾಗೆ ಹೇಗೆ?" ಅಂತ ಕೇಳಿದ್ದು. ಯಾವ ಸ್ಯಾಂಪಲ್ ಅಂತ ನೀವು ಕೇಳಿದರೆ ಏನು ಹೇಳುವುದು ಅಂತ ಬೆವರುತ್ತಿದ್ದೆ, ಪುಣ್ಯಕ್ಕೆ ನೀವು ಕೇಳಲಿಲ್ಲ. ನೀವು ಹೇಳಿದ ಹಾಗೇ ಮಾಡಿದೆವು. ನಿಮ್ಮ ನೀಲಿ ಡಬ್ಬಿಯಲ್ಲಿ ಎರಡು ಐಸ್ ಪ್ಯಾಕ್ ಇಟ್ಟು, ನಡುವೆ ಬಾಟಲಿ ಇಟ್ಟು, ಒಂದು ಚೂರೂ ಬಿಸಿ ತಾಗದ ಹಾಗೆ ಒಯ್ದರು. ಕಿಟಕಿಯಲ್ಲಿದ್ದ ಹುಡುಗಿ ಬಾಟಲಿ ಹಿಡಿದು "ಇಷ್ಟೊಂದು ತಣ್ಣಗಿದೆಯಲ್ಲ?" ಎಂದಳಂತೆ. ಇವರು ತಿರುಗಿ ನೋಡದೆ ಓಡಿ ಬಂದರು.

ಇನ್ನೊಂದು ಸಲ ಪರೀಕ್ಷೆ ಮಾಡಿಸಿ ಅಂತ ರಿಪೋರ್ಟಿನ ಕೊನೆಯಲ್ಲೇ ಬರೆದಿತ್ತು. ಆ ಹಾಳೆಯನ್ನು ಇವರು ಹರಿದರು.

ನಾನು ಬರೆದೆ ಅಂತ ಇವರಿಗೆ ಹೇಳಿ, ಅಡ್ಡಿಯಿಲ್ಲ. ಮನೆಯೊಳಗಿನ ಜಗಳ ನನಗೆ ಬಿಡಿ. ಗಂಟೆ ಹೊಡೆಯಿತು.

ನಿಮ್ಮ ತಮ್ಮನ ಹೆಂಡತಿ


೧೦ ನವೆಂಬರ್ ೨೦೨೧

ಮೊಂಡನಿಗೆ,

ನಿನ್ನ ಹೆಂಡತಿ ಬರೆದಳು. ಅವಳನ್ನು ಬೈದರೆ ನಾನೇ ಬಂದು ನಿನ್ನ ಕಿವಿ ಹಿಂಡುತ್ತೇನೆ.

ಮೂರು ವರ್ಷ ಎಂದು ಬರೆದದ್ದಕ್ಕೆ ಏನು ಹೇಳಲಿ. ಗೊತ್ತಿರಲಿಲ್ಲ ಅನ್ನುವುದು ಸುಳ್ಳಲ್ಲ, ಆದರೆ ಅದು ಸಮಾಧಾನವೂ ಅಲ್ಲ. ಉರಿಯಲಿ ಅಂತಲೇ ಬರೆದೆ, ಉರಿಯಿತು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ತಪ್ಪಾಯಿತು ಕಣೋ.

ಈಗ ಎರಡನೆಯದು. ಇದನ್ನು ಬರೆಯಲು ಐದು ದಿನ ತೆಗೆದುಕೊಂಡೆ.

ಅವಳು ಫೋನ್ ಮಾಡಿದಾಗ ನಾನು ಲಸಿಕೆ ಡಬ್ಬಿಗಳನ್ನು ತುಂಬುತ್ತಿದ್ದೆ. ಭುಜದಲ್ಲಿ ಫೋನು, ಕೈಯಲ್ಲಿ ಐಸ್ ಪ್ಯಾಕು. ಇಪ್ಪತ್ತೆರಡು ವರ್ಷ ನಾನು ಮಾಡಿದ ಕೆಲಸ ಒಂದೇ, ತಣ್ಣಗಿರಬೇಕಾದ್ದನ್ನು ತಣ್ಣಗೆ ಮುಟ್ಟಿಸುವುದು. ಬಸ್ಸು ಕೆಟ್ಟರೂ, ಕರೆಂಟು ಹೋದರೂ, ನಡೆದು ಹೋದರೂ ನನ್ನ ಡಬ್ಬಿ ಬಿಸಿಯಾಗಿಲ್ಲ. "ಕೆಡಬಾರದು" ಅನ್ನುವ ಮಾತು ಕಿವಿಗೆ ಬಿದ್ದರೆ ಸಾಕು, ನನ್ನ ಬಾಯಲ್ಲಿ "ಐಸ್ ಇಡು" ಅಂತ ಬರುತ್ತದೆ. ಅವಳಿಗೂ ಅದನ್ನೇ ಹೇಳಿದೆ. ಯಾವ ಸ್ಯಾಂಪಲ್ ಅಂತ ಕೇಳಲಿಲ್ಲ. ರಕ್ತ ಇರಬೇಕು ಅಂದುಕೊಂಡೆ.

ನೀನು ಒಯ್ದದ್ದು ಮೈಬಿಸಿಯಲ್ಲಿ ಇರಬೇಕಾದ್ದು. ಐಸ್ ತಾಗಿದರೆ ಅಲ್ಲಾಡುವುದನ್ನು ನಿಲ್ಲಿಸುತ್ತದೆ, ಸತ್ತೂ ಹೋಗುತ್ತದೆ. ನಿನ್ನ ರಿಪೋರ್ಟಿನ ಸೊನ್ನೆ ನಿನ್ನದಲ್ಲ, ನನ್ನ ಡಬ್ಬಿಯದು. ಒಂದು ಗಂಟೆ ಎರಡು ಐಸ್ ಪ್ಯಾಕಿನ ನಡುವೆ ಕೂರಿಸಿದರೆ ಯಾವ ಗಂಡಸಿನದಾದರೂ ಸೊನ್ನೆಯೇ.

ಎಣಿಕೆ ಇಳಿದದ್ದು ಡಬ್ಬಿಯಿಂದ ಅಲ್ಲ. ಅವು ಹುಟ್ಟಿ ಬೆಳೆಯಲು ಎರಡೂವರೆ ತಿಂಗಳು ಬೇಕಂತೆ. ಮೇ ಇಪ್ಪತ್ತರ ಜ್ವರ, ಆಗಸ್ಟ್ ಹತ್ತರ ಪರೀಕ್ಷೆ. ನೀನೇ ಎಣಿಸಿಕೋ. ಜ್ವರ ಎಂದು ಅವತ್ತು ಹೇಳಿದ್ದರೆ ನಾನು ಅವತ್ತು ಚುಚ್ಚುತ್ತಲೇ ಇರಲಿಲ್ಲ, ಇನ್ನೆರಡು ತಿಂಗಳು ಬಿಟ್ಟು ಬಾ ಅನ್ನುತ್ತಿದ್ದೆ.

ನನ್ನನ್ನು ದ್ವೇಷಿಸಲು ನಿನಗೆ ಕಾರಣ ಇದೆ. ನೀನು ಹಿಡಿದಿರುವ ಕಾರಣ ಮಾತ್ರ ತಪ್ಪು.

ಇನ್ನೊಂದು ಸಲ ಪರೀಕ್ಷೆ ಮಾಡಿಸು. ಲ್ಯಾಬಿನ ಕೋಣೆ ಬೇಡವಾದರೆ ಬಾಟಲಿಯನ್ನು ಅಂಗಿಯೊಳಗೆ ಹೊಟ್ಟೆಗೆ ಒತ್ತಿ ಹಿಡಿದುಕೊಂಡು ಹೋಗು. ಬಸ್ಸಿಗೆ ಕಾಯಬೇಡ.

ಅಕ್ಕ


೧೯ ನವೆಂಬರ್ ೨೦೨೧

ನರ್ಸಮ್ಮನವರಿಗೆ,

ಹಾಗಾದರೆ ನೀವೇ! ಸೂಜಿ ಅಲ್ಲ, ಡಬ್ಬಿ. ಬಲಗೈ ಅಲ್ಲ, ಎಡಗೈ. ಮೂರು ತಿಂಗಳು ನಾನು ಆ ಸೊನ್ನೆಯ ಜೊತೆ ಊಟ ಮಾಡಿದ್ದೇನೆ. ಗಿರಾಕಿ ಬಂದು "ತಕ್ಕಡಿ ಸರಿಯಾಯ್ತಾ?" ಎಂದರೆ ನನ್ನನ್ನೇ ಆಡಿಕೊಂಡ ಹಾಗೆ ಕೇಳುತ್ತಿತ್ತು. ಹೆಂಡತಿಯ ಕಡೆ ಬೆನ್ನು ಮಾಡಿ ಮಲಗಿದ್ದೇನೆ. ನೀವು ಐದು ದಿನ ಯೋಚಿಸಿ "ರಕ್ತ ಇರಬೇಕು ಅಂದುಕೊಂಡೆ" ಅಂತ ಬರೆಯುತ್ತೀರಿ. ಭೇಷ್.

ಮಾರುಕಟ್ಟೆಯ ಹಿಂದೆ ಕೋಲ್ಡ್ ಸ್ಟೋರೇಜ್ ಇದೆ. ಅಲ್ಲಿನ ತಕ್ಕಡಿ ರಿಪೇರಿಗೆ ಬಂದರೆ ನಾವು ಅವತ್ತು ಮುಟ್ಟುವುದಿಲ್ಲ. ಮೂಲೆಯಲ್ಲಿಟ್ಟು ಒಂದು ದಿನ ಬಿಡುತ್ತೇವೆ. ಮೈ ಬೆಚ್ಚಗಾಗುವವರೆಗೆ ಅದು ತೋರಿಸುವುದೆಲ್ಲ ಸುಳ್ಳು. ಇದನ್ನು ನಾನು ಹದಿನೆಂಟನೇ ವಯಸ್ಸಿನಲ್ಲೇ ಕಲಿತೆ. ನಿಮ್ಮ ಕಾಗದ ಓದಿದಾಗ ಮೊದಲು ನೆನಪಾದದ್ದೇ ಅದು. ನನಗೆ ತಿಳಿಯಬೇಕಾಗಿತ್ತು. ತಿಳಿಯಲಿಲ್ಲ. ಅದಕ್ಕೂ ನಿಮ್ಮ ಮೇಲೇ ಸಿಟ್ಟು ಬರುತ್ತಿದೆ, ಏನು ಮಾಡಲಿ.

ಪರೀಕ್ಷೆ ಮಾಡಿಸುವುದಿಲ್ಲ. ಕಾರಣ ಹೇಳುತ್ತೇನೆ, ಆಮೇಲೆ ಕೇಳಬೇಡಿ. ಈಗ ಸೂಜಿಯಿಂದ ಆಯಿತು ಅನ್ನಬಹುದು, ಡಬ್ಬಿಯಿಂದ ಆಯಿತು ಅನ್ನಬಹುದು, ಅಕ್ಕನಿಂದ ಆಯಿತು ಅನ್ನಬಹುದು. ಜ್ವರ ಇಲ್ಲ, ಐಸ್ ಇಲ್ಲ, ಎಲ್ಲ ಸರಿಯಾಗಿ ಇಟ್ಟುಕೊಂಡು ಹೋಗಿ, ಮತ್ತೆ ಸೊನ್ನೆ ಬಂದರೆ? ಆಗ ಯಾರನ್ನು ಬೈಯಲಿ?

ತಮ್ಮ


೧೭ ಜನವರಿ ೨೦೨೨

ಅಕ್ಕನಿಗೆ,

ಈ ಕಾಗದ ಡಬ್ಬಿಯ ಒಳಗಿದೆ. ಡಬ್ಬಿಯನ್ನು ಬಸ್ಸಿಗೆ ಹಾಕಿದ್ದೇನೆ, ಕಂಡಕ್ಟರನ ಕೈಯಿಂದ ಇಸಿದುಕೋ. ಇನ್ನು ಅದು ನಮ್ಮ ಮನೆಯಲ್ಲಿ ಇರುವುದು ಬೇಡ.

ನಾನು ಪರೀಕ್ಷೆಗೆ ಹೋದದ್ದು ನಿನ್ನ ಮಾತು ಕೇಳಿ ಅಲ್ಲ. ಡಿಸೆಂಬರಿನಲ್ಲಿ ಒಂದು ದಿನ ಅಂಗಡಿಯಲ್ಲಿ ನಾನು ಮತ್ತು ಯಜಮಾನರು ಇಬ್ಬರೇ ಇದ್ದೆವು. ಸುಮ್ಮನೆ ಇರಲಾಗಲಿಲ್ಲ, ಎಲ್ಲ ಹೇಳಿಬಿಟ್ಟೆ. ಅವರು ಸ್ಕ್ರೂ ಬಿಗಿಯುವುದನ್ನು ನಿಲ್ಲಿಸಲಿಲ್ಲ.

"ಎಷ್ಟ್ ಸಲ ತೂಗ್ದೆ?" ಎಂದರು.

"ಒಂದ್ಸಲ."

"ಐಸಲ್ಲಿಟ್ಟು ತಂದಿದ್ದಾ?"

"ಹೂಂ."

ಆಗ ಸ್ಕ್ರೂ ಡ್ರೈವರ್ ಕೆಳಗಿಟ್ಟರು. "ಹಾಗಿದ್ರೆ ತೂಕ ಖಾತ್ರಿ ಅಂತ ಸೀಲ್ ಹೇಗೋ ಹಾಕ್ದೆ? ನನ್ ಹತ್ರಾನೇ ಅಲ್ವೇನೋ ನೀನು ಕೆಲ್ಸ ಕಲ್ತಿದ್ದು? ನಿನ್ ಮಾತು ನಂಬಿ ಕೊಡೆ ಮರೆಲಿ ಓಡ್ಬಂದೆನಲ್ಲೋ ನಾನು!" ಹದಿನಾಲ್ಕು ವರ್ಷದಲ್ಲಿ ಅವರು ನನ್ನನ್ನು ಹೀಗೆ ಬೈದದ್ದು ಇದೇ ಮೊದಲು. ಕಣ್ಣಲ್ಲಿ ನೀರು ಬಂತು, ನಿಜ ಹೇಳುತ್ತೇನೆ.

ಬಾಟಲಿಯನ್ನು ಹೊಟ್ಟೆಗೆ ಒತ್ತಿಕೊಂಡು, ಮೇಲೆ ಸ್ವೆಟರು, ಅದರ ಮೇಲೆ ಕೋಟು ಹಾಕಿಕೊಂಡು ಹೋದೆ. ಹೆಂಡತಿ ಸ್ಕೂಟರ್ ಓಡಿಸಿದಳು. ರಸ್ತೆಯ ಪ್ರತಿ ಉಬ್ಬಿಗೂ "ಇದೆಯಾ?" ಅಂತ ಕೇಳುತ್ತಿದ್ದಳು. ಸಿಗ್ನಲ್ಲಿನಲ್ಲಿ ಪಕ್ಕದ ಆಟೋದವನು ನನಗೆ ಹೊಟ್ಟೆನೋವು ಅಂತ ತಿಳಿದು ದಾರಿ ಬಿಟ್ಟ. ಕಿಟಕಿಯಲ್ಲಿ ಅದೇ ಹುಡುಗಿ. ಬಾಟಲಿ ಹಿಡಿದು ನನ್ನ ಮುಖ ನೋಡಿ, "ಈ ಸಲ ಬೆಚ್ಚಗಿದೆ" ಎಂದಳು.

ಮೂರು ಕೋಟಿ ಎಂಬತ್ತು ಲಕ್ಷ. ಚಲನೆ ನೂರಕ್ಕೆ ನಲವತ್ತಾರು. ಎರಡು ವಾರ ಬಿಟ್ಟು ಇನ್ನೊಂದು ಸಲ ಮಾಡಿಸಿದೆ, ಹೆಚ್ಚುಕಡಿಮೆ ಅಷ್ಟೇ ಬಂತು. ಹಾಳೆಗಳು ಡಬ್ಬಿಯ ತಳದಲ್ಲಿವೆ. ನಿನ್ನ ಡಾಕ್ಟರಮ್ಮನಿಗೆ ತೋರಿಸು, ಈಗ ನನ್ನ ಹೆಸರು ಹೇಳಿದರೂ ನಡೆಯುತ್ತದೆ.

ಗುಂಪಿನಲ್ಲಿ ಮತ್ತೆ ಮಾತಾಡಿ ಹಾಕಿದೆ. "ಅವತ್ತು ಒಬ್ಬ ಗಂಡಸು ಅಂದಿದ್ನಲ್ಲ, ಅದು ನಾನೇ. ನಂಗೆ ಜ್ವರ ಬಂದಿತ್ತು, ಮುಚ್ಚಿಟ್ಟೆ. ಸ್ಯಾಂಪಲ್ಲನ್ನ ಐಸಲ್ಲಿಟ್ಟು ಒಯ್ದೆ. ಸೂಜಿದೇನೂ ತಪ್ಪಿಲ್ಲ, ನಾನು ಹೇಳಿದ್ದು ತಪ್ಪು." ಇಷ್ಟು ಹೇಳುವಷ್ಟರಲ್ಲಿ ಅಂಗಿ ಒದ್ದೆಯಾಗಿತ್ತು. ನೂರಾ ನಲವತ್ತು ಜನ ಕೇಳಿದ್ದಾರೆ. ಈಗ ಮಾರುಕಟ್ಟೆಯಲ್ಲಿ ನನ್ನ ಹೆಸರು ಐಸ್‌ಕ್ಯಾಂಡಿ. ಕರೆಯಲಿ.

ಮಗುವಿನ ಮಾತು ಈಗಲೇ ಎತ್ತಬೇಡ. ರಿಪೋರ್ಟು ಸರಿಯಿದೆ, ಅಷ್ಟೇ. ಮುಂದಿನದು ಯಾರಿಗೂ ಗೊತ್ತಿಲ್ಲ. ಆ ಮೂರು ವರ್ಷದ ಸಾಲನ್ನು ಇನ್ನೂ ಹೊಟ್ಟೆಗೆ ಹಾಕಿಕೊಳ್ಳಲು ಆಗಿಲ್ಲ. ಪ್ರಯತ್ನ ಮಾಡುತ್ತಿದ್ದೇನೆ ಅಂತಲೂ ಹೇಳಲಾರೆ. ಫೋನು ಬ್ಲಾಕಿನಲ್ಲೇ ಇರಲಿ. ಕಾಗದದಲ್ಲಿ ನೀನು ನಡುವೆ ಬಾಯಿ ಹಾಕುವುದಿಲ್ಲ, ಅದೊಂದು ಸುಖ.

ತಮ್ಮ


೬ ಫೆಬ್ರವರಿ ೨೦೨೨

ಮೊಂಡನಿಗೆ,

ನಿನ್ನೆ ನೀನು ಹೇಳದೆ ಕೇಳದೆ ಬಂದು ಸಾಲಿನಲ್ಲಿ ನಿಂತೆ. ನಿನ್ನ ಮುಂದೆ ಯಜಮಾನರು. ಪಕ್ಕದ ನರ್ಸಿನ ಸಾಲು ಚಿಕ್ಕದಿತ್ತು, ಆದರೂ ಇಬ್ಬರೂ ನನ್ನ ಸಾಲಿನಲ್ಲೇ ನಿಂತಿರಿ. ಯಜಮಾನರು ಚುಚ್ಚಿಸಿಕೊಂಡು "ಇಷ್ಟೇನಾ?" ಎಂದರು. ಆಮೇಲೆ ನೀನು ಆ ಕುಳ್ಳ ಬೆಂಚಿನ ಮೇಲೆ ಕೂತೆ, ಮೊಣಕಾಲು ಗಲ್ಲಕ್ಕೆ ತಾಗಿಸಿಕೊಂಡು. ಎರಡನೇ ಡೋಸು ನಾಲ್ಕು ತಿಂಗಳು ತಡ. ಅಂಗಿಯ ತೋಳು ಮಡಚಿ ಗೋಡೆಯ ಮಗ್ಗಿ ನೋಡುತ್ತಿದ್ದೆ.

ಎಲ್ಲರನ್ನೂ ಕೇಳುವ ಹಾಗೆ ನಿನ್ನನ್ನೂ ಕೇಳಿದೆ, "ಜ್ವರ ಏನಾದ್ರೂ ಬಂದಿತ್ತಾ?"

"ಬಂದಿತ್ತು" ಎಂದೆ. "ಹೋದ ಮೇ ತಿಂಗಳು. ಒಂಬತ್ತು ದಿನ. ಹಿಂದಿನ ಸಲ ಸುಳ್ಳು ಹೇಳಿದ್ದೆ."

ಸಾಲಿನಲ್ಲಿದ್ದ ಮೂವತ್ತು ಜನ ಕೇಳಿಸಿಕೊಂಡರು. ಯಾರೋ "ಐಸ್‌ಕ್ಯಾಂಡಿ" ಎಂದರು, ನೀನು ತಿರುಗಿ ನೋಡಲಿಲ್ಲ. ನಾನು ತಲೆ ಎತ್ತದೆ ನಿನ್ನ ಕಾರ್ಡಿನ ಮೇಲೆ ತಾರೀಖು ಬರೆದೆ. ಚುಚ್ಚಿದೆ, ಹತ್ತಿ ಒತ್ತಿದೆ. ನೀನು ಎದ್ದು ಹೋದೆ. ನಾವಿಬ್ಬರೂ ಮುಖಾಮುಖಿ ಆಡಿದ ಮಾತು ಅಷ್ಟೇ.

ಸಂಜೆ ಮನೆಗೆ ಬಂದು ನಿನ್ನ ಕಾಗದಗಳನ್ನೆಲ್ಲ ಒಂದು ಕಡೆ ಇಡೋಣ ಎಂದು ನೀಲಿ ಡಬ್ಬಿ ತೆಗೆದೆ. ಇನ್ನು ಅದರಲ್ಲಿ ಬೇರೇನೂ ಇಡುವುದಿಲ್ಲ. ನಿನ್ನ ಮೊದಲ ಕಾಗದವನ್ನು ಸೆಪ್ಟೆಂಬರಿನಿಂದ ನಾನು ಬಿಚ್ಚಿರಲಿಲ್ಲ, ಒಂದು ಸಲ ಓದಿದ್ದೇ ಸಾಕಾಗಿತ್ತು. ನಿನ್ನೆ ಬಿಚ್ಚಿದೆ. ಮೇಲಿನ ತಾರೀಖು ನೋಡಿದೆ.

ನನ್ನ ಕೆಲಸ ನಿನಗೆ ಗೊತ್ತು. ಚುಚ್ಚುವುದು ಅರ್ಧ, ಕಾರ್ಡಿನ ಮೇಲೆ ತಾರೀಖು ಬರೆಯುವುದು ಇನ್ನರ್ಧ. ಬಸುರಿಯರು ಬಂದು ಎಷ್ಟು ವಾರ ಅಂತ ಹೇಳಿದರೆ ಸಾಕು, ಹೆರಿಗೆಯ ದಿನ ನನ್ನ ಬಾಯಲ್ಲಿ ತಾನಾಗಿ ಬರುತ್ತದೆ. ಫೆಬ್ರವರಿ ಹತ್ತಕ್ಕೆ ಹತ್ತು ವಾರ ಎಂದು ನಿನ್ನ ಹೆಂಡತಿ ಬರೆದಾಗ ನಾನು ಎಣಿಸಲಿಲ್ಲ. ಧೈರ್ಯ ಬರಲಿಲ್ಲ. ನಿನ್ನೆ ಎಣಿಸಿದೆ. ಹೆರಿಗೆಯ ದಿನವೂ ಅದೇ, ಸೆಪ್ಟೆಂಬರ್ ಎಂಟು.

ಅವತ್ತು ನಿನ್ನ ಮನೆಯಲ್ಲಿ ಮಗು ಅಳಬೇಕಾಗಿತ್ತು. ನೀನು ಕೂತು ನನಗೆ ಕಾಗದ ಬರೆದೆ. ಅವತ್ತು ಬೈಯಲು ಯಾರಾದರೂ ಬೇಕಾಗಿತ್ತು ನಿನಗೆ, ನನ್ನನ್ನು ಹುಡುಕಿಕೊಂಡೆ. ನಾನು ಅದಕ್ಕೆ ಮೂರು ವರ್ಷ ಎಂದು ಉತ್ತರ ಬರೆದೆ.

ಕ್ಷಮಿಸು ಅಂತ ಕೇಳುವುದಿಲ್ಲ. ಫೋನು ಬ್ಲಾಕಿನಲ್ಲೇ ಇರಲಿ. ಬರುವ ಸೆಪ್ಟೆಂಬರ್ ಎಂಟಕ್ಕೂ ಬರೆ. ಬಾಯಿಗೆ ಬಂದದ್ದೆಲ್ಲ ಬೈದು ಬರೆ. ಈ ಸಲ ಓದುತ್ತೇನೆ, ಉತ್ತರ ಬರೆಯುವುದಿಲ್ಲ.

ನಿನ್ನ ಅಕ್ಕ